ಹಾವು ಗಂಡನಾಗಿ ಬಂದರೆ ನಾವೇಕೆ ಜಗಳವಾಡುತ್ತೇವೆ?



ನಮ್ಮ ಬಳಗದ ತಿಂಗಳ ಓದಿನಲ್ಲಿ ಜಗಳ ಹೊಸದೇನಲ್ಲ. ಭೈರಪ್ಪನವರ ಬಗ್ಗೆ ಆಗಿದೆ, ಅನಂತಮೂರ್ತಿಯವರ ಬಗ್ಗೆ ಆಗಿದೆ, ಮುಂದಿನ ತಿಂಗಳು ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂಬುದರ ಬಗ್ಗೆಯೂ ಆಗಿದೆ. ಆದರೆ ಎರಡು ವರ್ಷದ ಹಿಂದೆ, ಷಿಕಾಗೋ ಸುತ್ತಮುತ್ತ ಮೊಣಕಾಲುದ್ದ ಹಿಮ ಬಿದ್ದಿದ್ದ ಒಂದು ಶನಿವಾರ ಸಂಜೆ, ಗಿರೀಶ ಕಾರ್ನಾಡರ ‘ನಾಗಮಂಡಲ’ ಓದಿ ನಾವು ಆಡಿದ ಜಗಳ ಮಾತ್ರ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅದು ಯಾಕೆ ಆಯಿತು, ಅದರಿಂದ ನಾವು ಏನು ಕಳೆದುಕೊಂಡೆವು ಎಂದು ಯೋಚಿಸಿದ್ದರ ಫಲ ಈ ಬರಹ.

ಆ ನಾಟಕವನ್ನೇ ಆರಿಸಿದ್ದಕ್ಕೆ ಒಂದು ಊರಭಿಮಾನವೂ ಇತ್ತೆನ್ನಿ. ಕಾರ್ನಾಡರು 1987-88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದದ್ದು ಅದು. ಅದರ ಬೀಜವಾದ ಎರಡು ಜನಪದ ಕಥೆಗಳನ್ನು ಅವರಿಗೆ ಹೇಳಿದವರು ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಮ್ಮ ಎ. ಕೆ. ರಾಮಾನುಜನ್. 1993ರಲ್ಲಿ ಇಲ್ಲಿಗೆ ಹತ್ತಿರದ ಮಿನಿಯಾಪೊಲಿಸ್‌ನ ಗಥ್ರೀ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲಿ ಅದರ ಪ್ರಯೋಗವಾಯಿತು. ನಾಗಾಭರಣರ ಸಿನಿಮಾ (1997) ನೋಡಿದವರಂತೂ ನಮ್ಮಲ್ಲಿ ಬಹಳ ಮಂದಿ.

ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇವೆ. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ, ಬೀಗ ಹಾಕಿ, ಇನ್ನೊಬ್ಬಳ ಮನೆಗೆ ಹೋಗುವವನು. ಮಧ್ಯಾಹ್ನ ಉಣ್ಣಲಿಕ್ಕೆ ಮಾತ್ರ ಬರುತ್ತಾನೆ. ಕುರುಡವ್ವ ಎಂಬ ಮುದುಕಿ ಗಂಡನನ್ನು ಒಲಿಸಿಕೊಳ್ಳಲು ರಾಣಿಗೆ ಒಂದು ಬೇರು ಕೊಡುತ್ತಾಳೆ. ಬೇರು ಹಾಕಿದ ಅಡುಗೆ ರಕ್ತದಂತೆ ಕೆಂಪಾದದ್ದು ಕಂಡು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳಿಗೆ ಮನಸೋತು, ರಾತ್ರಿ ಅಪ್ಪಣ್ಣನ ರೂಪದಲ್ಲೇ ಬರತೊಡಗುತ್ತದೆ. ಹಗಲು ಬೈಯುವ ಗಂಡ, ರಾತ್ರಿ ಮುದ್ದಿಸುವ ಗಂಡ! ರಾಣಿ ಬಸುರಾದಾಗ ಅಪ್ಪಣ್ಣ ಪಂಚಾಯ್ತಿ ಸೇರಿಸುತ್ತಾನೆ. ಅವಳು ಹುತ್ತಕ್ಕೆ ಕೈಯಿಟ್ಟು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿದವಳಲ್ಲ ಎಂದು ಪ್ರಮಾಣ ಮಾಡುತ್ತಾಳೆ. ನಾಗ ಕಚ್ಚುವುದಿಲ್ಲ, ಹೆಡೆಯೆತ್ತಿ ಅವಳಿಗೆ ಕೊಡೆ ಹಿಡಿಯುತ್ತದೆ. ಊರೆಲ್ಲ ಅವಳನ್ನು ದೇವಿ ಎನ್ನುತ್ತದೆ.

ಓದು ಮುಗಿದು ಕಾಫಿ ಬಂತು. ಮೊದಲು ಬಾಯಿ ತೆರೆದವರು ನಮ್ಮ ಹಿರಿಯ ಡಾಕ್ಟರು. “ನಲವತ್ತು ವರ್ಷ ಹಾವು ಕಚ್ಚಿದವರು, ಮೈಮೇಲೆ ದೇವರು ಬಂದವರು, ಎಲ್ಲರನ್ನೂ ನೋಡಿದ್ದೇನೆ. ಇಂಥ ಮೂಢನಂಬಿಕೆಯಿಂದ ತಪ್ಪಿಸಿಕೊಳ್ಳೋಕೆ ಒಂದು ತಲೆಮಾರು ಒದ್ದಾಡಿದೆ. ಅದನ್ನು ಮತ್ತೆ ಚಂದ ಮಾಡಿ ಯಾಕೆ ಕೊಡಬೇಕು?” ಎಂದರು. ಉಡುಪಿ ಕಡೆಯ ಸದಸ್ಯೆಯೊಬ್ಬರಿಗೆ ಬೇರೆಯೇ ಕಾರಣಕ್ಕೆ ನೋವಾಗಿತ್ತು. ಅವರ ಮನೆತನದಲ್ಲಿ ನಾಗಮಂಡಲವೆಂದರೆ ನಾಟಕವಲ್ಲ, ಸೇವೆ. ರಾತ್ರಿಯಿಡೀ ಐದು ಬಣ್ಣದ ಹುಡಿಯಲ್ಲಿ ಬರೆದ ಮಂಡಲದ ಸುತ್ತ ನಾಗಪಾತ್ರಿಯೂ ವೈದ್ಯರೂ ಕುಣಿಯುವುದನ್ನು ಕೈಮುಗಿದು ನೋಡಿ ಬೆಳೆದವರು ಅವರು. “ನಾಗನನ್ನು ಮಿಂಡನನ್ನಾಗಿ ಮಾಡಿದ್ದಾರಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಇತ್ತೀಚೆಗೆ ಬಳಗ ಸೇರಿದ ಸಾಫ್ಟ್‌ವೇರ್ ಹುಡುಗಿಯೊಬ್ಬಳು, “ಹಾವು ಗೀವು ಏನೂ ಇಲ್ಲ. ಅದು ಅವಳ ಆಸೆ, ಅಷ್ಟೇ. ಇಡೀ ನಾಟಕ ಒಂದು ರೂಪಕ” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಆತಿಥೇಯರ ಹದಿಮೂರು ವರ್ಷದ ಮಗ ಮಾತ್ರ, ಬಂದ ಇಂಗ್ಲಿಷಿನಲ್ಲೂ ಬಾರದ ಕನ್ನಡದಲ್ಲೂ, “ಅವಳಿಗೆ ಗೊತ್ತಾಗಲಿಲ್ವಾ?” ಎಂದು ಕೇಳಿದ. ಅವನಿಗೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು.

ಆ ಗದ್ದಲದಲ್ಲಿ ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದ ಒಬ್ಬ ತಾಯಿ, ತುಮಕೂರಿನ ಕಡೆಯವರು, ಮಗನ ಮನೆಗೆ ಆರು ತಿಂಗಳಿಗೆಂದು ಬಂದವರು, ಪಕ್ಕದವರಿಗೆ ಮೆಲ್ಲಗೆ ಹೇಳಿದರಂತೆ: “ಇದು ನಮ್ಮಜ್ಜಿ ಹೇಳ್ತಿದ್ದ ಕತೆ ಕಣಮ್ಮ. ಆದ್ರೆ ಅದ್ರಲ್ಲಿ ಕೊನೆಗೆ ಹಿಂಗಾಗಲ್ಲ.” ಅಷ್ಟರಲ್ಲಿ ಡಾಕ್ಟರು ಇನ್ನೊಮ್ಮೆ ಮೂಢನಂಬಿಕೆ ಎಂದರು. ಆಕೆ ಸುಮ್ಮನಾದರು. ಆಮೇಲೆ ಯಾರೋ ಕೇಳಿದಾಗ, “ಇರ್ಲಿ ಬಿಡಿ, ಇನ್ನೊಂದ್ಸಲ ಹೇಳ್ತೀನಿ. ಅದೇನು ದೊಡ್ಡ ಕತೆ ಅಲ್ಲ” ಎಂದು ನಕ್ಕರು.

ಒಂದೇ ಪುಸ್ತಕ, ಐದು ಓದು. ಹೀಗೇಕೆ?

ನಂಬಿಸುವ ಹೊಣೆ ಯಾರದು?

ಇಂಗ್ಲಿಷ್ ಸಾಹಿತ್ಯ ಓದಿದವರು ಇಲ್ಲಿ ತಕ್ಷಣ ಕೋಲ್‌ರಿಜ್‌ನನ್ನು ಕರೆಯುತ್ತಾರೆ. ಕಾವ್ಯ ಓದುವ ಹೊತ್ತಿಗೆ ಓದುಗ ತನ್ನ ಅಪನಂಬಿಕೆಯನ್ನು ತಾನಾಗಿಯೇ ಬದಿಗಿಡುತ್ತಾನೆ ಎಂದು ಅವನು 1817ರಲ್ಲಿ ಬರೆದ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದ ಹಾಗೆ. ಒಳ್ಳೆಯ ಮಾತೇ. ಆದರೆ ನಮ್ಮ ಡಾಕ್ಟರು ಚಪ್ಪಲಿ ಬಿಡಲು ಒಪ್ಪದಿದ್ದರೆ ಏನು ಮಾಡುವುದು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಅವನಿಗಿಂತ ಎಂಟುನೂರು ವರ್ಷ ಮೊದಲು ಕಾಶ್ಮೀರದ ಅಭಿನವಗುಪ್ತ ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದ. ರಸಾನುಭವಕ್ಕೆ ಏಳು ವಿಘ್ನಗಳಿವೆ ಎಂದು ಪಟ್ಟಿ ಮಾಡಿದಾಗ ಅವನು ಮೊದಲು ಇಟ್ಟದ್ದೇ ‘ಸಂಭಾವನಾವಿರಹ’ವನ್ನು. ಎಂದರೆ, ಇದು ನಡೆದೀತು ಎಂದು ಪ್ರೇಕ್ಷಕನಿಗೆ ಅನ್ನಿಸದೇ ಇರುವುದು. ಹಾಗೆ ಅನ್ನಿಸದಿದ್ದರೆ ಮನಸ್ಸು ಕಥೆಯಲ್ಲಿ ನೆಲೆ ನಿಲ್ಲುವುದೇ ಇಲ್ಲ, ಇನ್ನು ರಸವೆಲ್ಲಿಂದ ಬಂತು? ಇದಕ್ಕೆ ಅವನು ಹೇಳುವ ಪರಿಹಾರವೂ ಕುತೂಹಲದ್ದು. ಲೋಕಸಾಮಾನ್ಯವಾದ ವಿಷಯವಾದರೆ ಓದುಗನ ಹೃದಯ ತಾನಾಗಿ ಓಗೊಡುತ್ತದೆ. ಲೋಕೋತ್ತರವಾದದ್ದನ್ನು ಹೇಳಬೇಕಾದರೆ ರಾಮನಂಥ ಪ್ರಸಿದ್ಧರ ಹೆಸರಿನಲ್ಲಿ ಹೇಳಬೇಕು. ಯಾಕೆಂದರೆ ಅವರ ಬಗ್ಗೆ ತಲೆತಲಾಂತರದಿಂದ ಕೇಳಿ ಬೇರೂರಿದ ನಂಬಿಕೆ ಓದುಗನಲ್ಲಿ ಮೊದಲೇ ಇರುತ್ತದೆ.

ಅವನಿಗೂ ಹಿಂದಿನ ಆನಂದವರ್ಧನ, ಒಂಬತ್ತನೆಯ ಶತಮಾನದವನು, ಇನ್ನೂ ಮೊನಚಾಗಿ ಇದನ್ನು ಚರ್ಚಿಸುತ್ತಾನೆ. ಬರಿಯ ಮನುಷ್ಯನಾದ ಅರಸನೊಬ್ಬ ಏಳು ಸಮುದ್ರ ದಾಟಿದ ಎಂದು ಬರೆದರೆ ಎಷ್ಟು ಸೊಗಸಾಗಿದ್ದರೂ ಅದು ಔಚಿತ್ಯವಲ್ಲ ಎನ್ನುತ್ತಾನೆ. ಹಾಗಾದರೆ ಸಾತವಾಹನ ನಾಗಲೋಕಕ್ಕೆ ಹೋದ ಕಥೆ ಇದೆಯಲ್ಲ ಎಂಬ ಆಕ್ಷೇಪವನ್ನು ತಾನೇ ಎತ್ತುತ್ತಾನೆ. ಅಂಥವರ ಬಗ್ಗೆ ಜನ ಕೇಳುತ್ತ ಬಂದಿರುವಷ್ಟನ್ನು ಹೇಳಿದರೆ ಒಗ್ಗುತ್ತದೆ, ಅದಕ್ಕಿಂತ ಹೆಚ್ಚು ಹೊಸೆದರೆ ಒಗ್ಗುವುದಿಲ್ಲ ಎಂಬುದು ಅವನ ಸಮಾಧಾನ.

ಇದರಲ್ಲಿ ನಮಗೆ ಬೇಕಾದ ಕೀಲಿಯಿದೆ. ಅದ್ಭುತ ನಂಬುವಂತಿದೆಯೋ ಇಲ್ಲವೋ ಎಂಬುದು ಪುಟದ ಮೇಲೆ ಮಾತ್ರ ತೀರ್ಮಾನವಾಗುವುದಿಲ್ಲ. ಓದುಗ ಪುಸ್ತಕ ತೆರೆಯುವ ಮೊದಲೇ ಏನನ್ನು ಕೇಳಿ ಬೆಳೆದಿದ್ದಾನೆ ಎಂಬುದರ ಮೇಲೆ ಅರ್ಧ ತೀರ್ಮಾನವಾಗಿರುತ್ತದೆ. ಒಂದು ಊರಿನ ಸಭಿಕರೆಲ್ಲ ಒಂದೇ ಕಥೆಗಳನ್ನು ಕೇಳಿ ಬೆಳೆದಿದ್ದಾಗ ಕವಿಗೆ ಕೆಲಸ ಸುಲಭವಿತ್ತು. ನಮ್ಮ ಬೇಸ್‌ಮೆಂಟಿನಲ್ಲಿ ಉಡುಪಿ, ತುಮಕೂರು, ಧಾರವಾಡ, ಬೆಂಗಳೂರಿನ ಬಡಾವಣೆ, ಜೊತೆಗೆ ಇಲ್ಲೇ ಹುಟ್ಟಿದ ಮಕ್ಕಳು ಎಲ್ಲ ಸೇರಿ ಕೂತಾಗ ‘ಮೊದಲೇ ಕೇಳಿದ್ದು’ ಎಂಬುದು ಐದು ಬಗೆ. ಜಗಳವಾಗದಿದ್ದರೇ ಆಶ್ಚರ್ಯ.

ಶ್ರೇಣಿಕ ಮಹಾರಾಜನ ಸಂಶಯ

ಸಂಶಯಪಡುವ ಓದುಗ ಇಂಗ್ಲಿಷ್ ಶಾಲೆಯಿಂದ ಬಂದವನು, ನಂಬುವ ಓದುಗ ಮಾತ್ರ ನಮ್ಮ ನೆಲದವನು ಎಂಬ ತಿಳಿವಳಿಕೆ ನಮ್ಮಲ್ಲಿ ಹಲವರಿಗಿದೆ. ಅದು ತಪ್ಪು. ವಿಮಲಸೂರಿಯ ಪ್ರಾಕೃತ ಜೈನ ರಾಮಾಯಣ ‘ಪಉಮಚರಿಯ’ ಶುರುವಾಗುವುದೇ ಒಬ್ಬ ಸಂಶಯಾತ್ಮನಿಂದ. ಮಗಧದ ರಾಜ ಶ್ರೇಣಿಕನಿಗೆ ತಾನು ಕೇಳಿದ ರಾಮಕಥೆ ಒಪ್ಪಿಗೆಯಾಗುವುದಿಲ್ಲ. ಅಷ್ಟು ಬಲಶಾಲಿಗಳಾದ ರಾಕ್ಷಸರನ್ನು ಕೋತಿಗಳು ಸೋಲಿಸಿದ್ದು ಹೇಗೆ? ಆರು ತಿಂಗಳು ಒಬ್ಬ ಮಲಗಿ ನಿದ್ದೆ ಮಾಡುವುದು ಹೇಗೆ? ಅವನು ಗೌತಮ ಗಣಧರರ ಬಳಿ ಹೋಗಿ ಕೇಳುತ್ತಾನೆ. ಆ ಪರಂಪರೆಯ ಉತ್ತರ ಇದು: ವಾನರರು ಕೋತಿಗಳಲ್ಲ, ಕೋತಿಯ ಚಿಹ್ನೆಯುಳ್ಳ ವಿದ್ಯಾಧರ ವಂಶದವರು. ರಾವಣನಿಗೆ ಹತ್ತು ತಲೆಯಿರಲಿಲ್ಲ, ಕೊರಳ ಹಾರದ ರತ್ನಗಳಲ್ಲಿ ಅವನ ಮುಖ ಪ್ರತಿಫಲಿಸಿ ಹಾಗೆ ಕಂಡಿತು. ಕನ್ನಡದಲ್ಲಿ 1100ರ ಆಸುಪಾಸಿನ ನಾಗಚಂದ್ರ ಇದೇ ದಾರಿ ಹಿಡಿದು ‘ರಾಮಚಂದ್ರಚರಿತ ಪುರಾಣ’ ಬರೆದ. ಹತ್ತು ತಲೆ ಕಳೆದುಕೊಂಡ ರಾವಣ ಅಲ್ಲಿ ನಮ್ಮ ಮರುಕಕ್ಕೆ ಪಾತ್ರನಾದ ಒಬ್ಬ ಮನುಷ್ಯನಾದ. ಅದು ಲಾಭವೇ.

ಆದರೆ ಇನ್ನೊಂದು ವಿಷಯ ಗಮನಿಸಿ. ಕೋತಿ ಮಾತಾಡಿತು ಎಂಬುದನ್ನು ಒಪ್ಪದ ಇದೇ ಪರಂಪರೆ, ವಿದ್ಯಾಧರರು ಆಕಾಶದಲ್ಲಿ ಹಾರಿದರು, ರೂಪ ಬದಲಿಸಿದರು, ಹಿಂದಿನ ಜನ್ಮಗಳ ಕರ್ಮ ಈ ಜನ್ಮದಲ್ಲಿ ಫಲ ಕೊಟ್ಟಿತು ಎಂಬುದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಸಂಶಯಕ್ಕೂ ಒಂದು ಮನೆಯಿದೆ. ಒಬ್ಬರ ಅದ್ಭುತ ಇನ್ನೊಬ್ಬರಿಗೆ ಅಸಂಬದ್ಧ, ತಮ್ಮ ಅದ್ಭುತ ಮಾತ್ರ ಸಹಜ.

ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಇದೇ ಹಳೆಯ ಸಂಶಯದ ಹೊಸ ಫಸಲು. ಅಲ್ಲಿ ವರಗಳಿಲ್ಲ, ಶಾಪಗಳಿಲ್ಲ. ಪಾಂಡವರನ್ನು ಹುಟ್ಟಿಸಿದ ದೇವತೆಗಳು ಹಿಮಾಲಯದ ದೇವ ಜನಾಂಗದವರು, ವಿಧಾನ ನಿಯೋಗ. ನಮ್ಮ ಡಾಕ್ಟರಿಗೆ ಅದು ಪರಮಪ್ರಿಯ ಕಾದಂಬರಿ. ಅದೇ ಕಾದಂಬರಿ ಓದಿ, “ನನ್ನ ಕೃಷ್ಣನನ್ನು ಕಸಿದುಕೊಂಡ ಹಾಗಾಯಿತು” ಎಂದವರೂ ನಮ್ಮಲ್ಲಿದ್ದಾರೆ. ಅವರು ಗದುಗಿನ ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದವರು. ಅವರಿಗೆ ದ್ರೌಪದಿಯ ಸೀರೆ ಎಷ್ಟು ಗಜ ಎಂಬುದು ಮುಖ್ಯವಲ್ಲ. ಕರೆದಾಗ ಒಬ್ಬ ಓಗೊಟ್ಟ ಎಂಬುದು ಮುಖ್ಯ. ‘ಪರ್ವ’ ಅವರಿಗೆ ಸುಳ್ಳೆನಿಸಲಿಲ್ಲ, ಒಂಟಿಯೆನಿಸಿತು. ಈ ವ್ಯತ್ಯಾಸವನ್ನು ನಾವು ತಿಳಿಯಬೇಕು. ಅವರು ಬುದ್ಧಿ ಸಾಲದೆ ಬೇಸರಪಟ್ಟವರಲ್ಲ.

ಮೂರು ಬಗೆಯ ಮಾತು

ನಮ್ಮ ಎರಡನೆಯ ತಪ್ಪು, ಅದ್ಭುತವಿರುವ ಪುಸ್ತಕಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದು. ಮಂತ್ರ, ಐತಿಹ್ಯ, ಅನುಭಾವ ಎಲ್ಲವೂ ಒಂದೇ ಎಂಬಂತೆ ಮಾತಾಡುತ್ತೇವೆ. ಆದರೆ ಹಳ್ಳಿಯ ಕೇಳುಗರಿಗೆ ಇವುಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಪುರಾಣಕ್ಕೆ, ದೇವರ ಐತಿಹ್ಯಕ್ಕೆ ಒಂದು ಸ್ಥಳವಿದೆ, ಒಂದು ಕ್ಷೇತ್ರವಿದೆ, ಕೈಮುಗಿಯುವ ಒಂದು ದಿನವಿದೆ. ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರು ಅದನ್ನು ಹೊತ್ತು ಕಳೆಯಲೆಂದು ಹಾಡುವುದಿಲ್ಲ. ಅಜ್ಜಿಯ ಕಥೆ ಹಾಗಲ್ಲ. ‘ಒಂದೂರಲ್ಲಿ ಒಬ್ಬ ರಾಜ ಇದ್ದ’ ಎಂದರೆ ಯಾವ ಊರು ಎಂದು ಯಾವ ಮಗುವೂ ಕೇಳುವುದಿಲ್ಲ. ಅಲ್ಲಿ ಹಾವು ಮನುಷ್ಯನಾದರೆ, ಹುಡುಗಿ ಹೂವಿನ ಮರವಾದರೆ, ನಂಬು ಎಂದೂ ಯಾರೂ ಹೇಳುವುದಿಲ್ಲ, ನಂಬಬೇಡ ಎಂದೂ ಹೇಳುವುದಿಲ್ಲ. ಆ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮೂರನೆಯದು ಅನುಭಾವದ ಮಾತು. ಅಲ್ಲಮನ ಬೆಡಗಿನ ವಚನಗಳಲ್ಲಿ ಲೋಕದಲ್ಲಿ ಆಗದ್ದೆಲ್ಲ ಆಗುತ್ತದೆ. ಆದರೆ ಅವನು ಹೇಳುತ್ತಿರುವುದು ಘಟನೆಯನ್ನೂ ಅಲ್ಲ, ಕಥೆಯನ್ನೂ ಅಲ್ಲ. ನುಡಿಗೆ ಸಿಕ್ಕದ್ದನ್ನು ನುಡಿಯಿಂದಲೇ ಮುಟ್ಟಿಸಲು ನುಡಿಯನ್ನು ತಿರುಚಿದ್ದಾನೆ. ಅದರ ಮುಂದೆ ಓದುಗರು ತಬ್ಬಿಬ್ಬಾದದ್ದು ಇಂದಿನದಲ್ಲ. ಬೆಡಗಿನ ವಚನಗಳಿಗೆ ಟೀಕೆಗಳು ಹುಟ್ಟಿದ್ದು, ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ಯವರು ಚೆದುರಿದ್ದ ವಚನಗಳಿಗೆ ಸಂದರ್ಭ ಕಲ್ಪಿಸಿ ಸಂವಾದವಾಗಿ ಜೋಡಿಸಿದ್ದು, ಎಲ್ಲವೂ ಒಂದು ರೀತಿಯಲ್ಲಿ ತಬ್ಬಿಬ್ಬಾದ ಓದುಗರಿಗೆ ಕೊಟ್ಟ ಊರುಗೋಲೇ.

ಈಗ ನಮ್ಮ ಜಗಳಕ್ಕೆ ಬನ್ನಿ. ಉಡುಪಿಯ ಸದಸ್ಯೆ ಅಜ್ಜಿಕಥೆಯನ್ನು ಸೇವೆಯ ಅಳತೆಯಲ್ಲಿ ಅಳೆದರು. ಡಾಕ್ಟರು ಅದನ್ನು ವರದಿಯ ಅಳತೆಯಲ್ಲಿ ಅಳೆದರು. ಅಳತೆಗೋಲು ಎರಡೂ ಸರಿಯಾದವೇ, ಅಳೆದ ವಸ್ತು ಬೇರೆ. ಆಸ್ಪತ್ರೆಗೆ ಬರುವ ಮೊದಲು ಮಂತ್ರಕ್ಕೆ ಹೋಗಿ ಜೀವ ಕಳೆದುಕೊಂಡವರನ್ನು ನೋಡಿದ ಡಾಕ್ಟರಿಗೆ ಸಿಟ್ಟು ಬರುವುದು ನ್ಯಾಯ. ಆ ಸಿಟ್ಟು ನಾಟಕದ ಮೇಲಲ್ಲ, ಆ ಸಾವುಗಳ ಮೇಲೆ. ಅದನ್ನು ಅವರೂ ಆಮೇಲೆ ಒಪ್ಪಿಕೊಂಡರು.

ನಂಬುವವರ ಬಗ್ಗೆಯೂ ಒಂದು ಮಾತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ಗಲಾಟೆಯಾದ ಮೇಲೆ ಯು. ಆರ್. ಅನಂತಮೂರ್ತಿಯವರು ಬರೆದ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಪ್ರಬಂಧದಲ್ಲಿ ಒಬ್ಬ ಚಿತ್ರಕಾರರ ಪ್ರಸಂಗ ಬರುತ್ತದೆ. ಒಬ್ಬ ರೈತನ ಗುಡಿಸಿಲಿನಲ್ಲಿ ಕುಂಕುಮ ಹಚ್ಚಿದ ಕಲ್ಲನ್ನು ನೋಡಿ, ಫೋಟೋ ತೆಗೆಯಲು ಅದನ್ನು ಬಿಸಿಲಿಗೆ ತರಬಹುದೇ ಎಂದು ಆ ಚಿತ್ರಕಾರರು ಕೇಳುತ್ತಾರೆ. ತಂದ ಮೇಲೆ, ಅಯ್ಯೋ ಮೈಲಿಗೆಯಾಯಿತೇನೋ ಎಂದು ಅಳುಕುತ್ತಾರೆ. ರೈತನಿಗೆ ಅದೊಂದು ತೊಂದರೆಯೇ ಅಲ್ಲ. ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂಬುದು ಅವನ ನಿಲುವು. ನಂಬುವವನ ಮನಸ್ಸು ನಾವು ಎಣಿಸಿದ್ದಕ್ಕಿಂತ ಹಗುರವಾಗಿ, ಚುರುಕಾಗಿ ನಡೆಯಬಲ್ಲದು. ಬಿಗಿಯಾಗುವುದು ಹೆಚ್ಚಾಗಿ ಓದಿದ ನಾವೇ.

ಹಾವನ್ನೇ ಕಳೆದುಕೊಳ್ಳುವ ಓದು

ರೂಪಕ ಎಂದ ಹುಡುಗಿಯ ಓದು ನಮಗೆಲ್ಲ ಸುಲಭವಾಗಿ ಹಿಡಿಸಿತು. ಯಾರನ್ನೂ ನೋಯಿಸದ ಓದು ಅದು. ಹಾವು ಎಂದರೆ ಆಸೆ, ಬೀಗ ಎಂದರೆ ಸಮಾಜ, ಎಲ್ಲ ಲೆಕ್ಕ ಸರಿಹೋಯಿತು. ಆದರೆ ಲೆಕ್ಕ ಹಾಗೆ ಸರಿಹೋದ ಮೇಲೆ ಹಾವು ಎಲ್ಲಿ ಉಳಿಯಿತು?

ರಾಮಾನುಜನ್ ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆ ನೋಡಿ. ಬಡ ಹುಡುಗಿಯೊಬ್ಬಳು ಹೂವಿನ ಮರವಾಗಬಲ್ಲಳು. ಹೂ ಕೀಳುವವರು ಒರಟಾದರೆ ಅವಳ ಮೈಗೇ ಗಾಯ. ಇದನ್ನು ರಾಮಾನುಜನ್ ಹೆಂಗಸರ ಕಥೆಯಾಗಿ ಓದಿದರು. ಕಾರ್ನಾಡರು ‘ಚೆಲುವಿ’ (1992) ಎಂಬ ಹಿಂದಿ ಸಿನಿಮಾ ಮಾಡಿದಾಗ ಅದರಲ್ಲಿ ಕಾಡಿನ ನಾಶ ಕಂಡಿತು. 2006ರಲ್ಲಿ ಅಮೆರಿಕದ ಜಾನ್ ಆ್ಯಡಮ್ಸ್ ಅದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಮೊದಲು ಆಡಿಸಿದಾಗ ಅದು ಮೊಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ನ ತಂಗಿಯಂತೆ ಪರೀಕ್ಷೆಗೊಳಗಾದ ಪ್ರೇಮದ ಕಥೆಯಾಯಿತು. ನಮ್ಮ ಅಜ್ಜಿಯೊಬ್ಬಳ ಕಥೆ ವಿಯೆನ್ನಾದವರೆಗೆ ಹೋದದ್ದು ಹೇಗೆ? ಅದರಲ್ಲಿ ಹುಡುಗಿ ನಿಜವಾಗಿಯೂ ಮರವಾಗುತ್ತಾಳೆ. ಅದಕ್ಕೇ. ಅರ್ಥ ಒಂದೇ ಆಗಿದ್ದರೆ ಅದನ್ನು ಹೇಳಿ ಮುಗಿಸಬಹುದಿತ್ತು, ಮರ ಬೇಕಿರಲಿಲ್ಲ. ರೂಪಕದ ಓದು ತಪ್ಪಲ್ಲ, ಆದರೆ ಅದು ಎರಡನೆಯ ಓದಾಗಿರಲಿ. ಮೊದಲ ಓದಿನಲ್ಲಿ ಹಾವು ಹಾವೇ ಆಗಿರಲಿ.

ಇಲ್ಲಿ ಕೂತು ಓದುವಾಗ

ಊರಲ್ಲಿದ್ದಾಗ ಇಷ್ಟು ಬಿರುಸಾಗಿ ಜಗಳವಾಡುತ್ತಿದ್ದೆವೆ ಎಂದು ನಾವು ಆಮೇಲೆ ನಮ್ಮನ್ನೇ ಕೇಳಿಕೊಂಡೆವು. ಬಹುಶಃ ಇಲ್ಲ. ಇಲ್ಲಿ ನಮ್ಮ ಬೆನ್ನ ಹಿಂದೆ ಯಾರೋ ನೋಡುತ್ತಿದ್ದಾರೆ ಎಂಬ ಭಾವ ಸದಾ ಇರುತ್ತದೆ. ಆಫೀಸಿನಲ್ಲಿ ಯಾರಾದರೂ ಹಾವಾಡಿಗರ ದೇಶ ಎಂದಾರು ಎಂದು ಒಬ್ಬರಿಗೆ ಅಂಜಿಕೆ. ಇರುವುದೊಂದು ನಂಬಿಕೆಯೂ ಇಲ್ಲಿ ಕರಗಿಹೋದೀತು ಎಂದು ಇನ್ನೊಬ್ಬರಿಗೆ ಅಂಜಿಕೆ. ಇಬ್ಬರೂ ಪುಸ್ತಕವನ್ನು ಪುಸ್ತಕವಾಗಿ ಬಿಡದೆ ಅದಕ್ಕೆ ವಕೀಲಿಕೆಯ ಕೋಟು ತೊಡಿಸುತ್ತಾರೆ.

ಮಕ್ಕಳ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1997ರಿಂದ ಹ್ಯಾರಿ ಪಾಟರ್ ಓದುತ್ತ ಬಂದ ಮಕ್ಕಳು ಗೂಬೆ ಟಪಾಲು ತರುವುದು ನಿಜವೇ ಎಂದು ನಮ್ಮನ್ನು ಒಮ್ಮೆಯೂ ಕೇಳಿಲ್ಲ. ಆದರೆ ಹನುಮಂತ ಬೆಟ್ಟ ಹೊತ್ತು ತಂದದ್ದು ನಿಜವೇ ಎಂದು ಕೇಳುತ್ತಾರೆ. ಅದು ಹನುಮಂತನ ದೋಷವಲ್ಲ. ಒಂದನ್ನು ಅವರು ಹೊದಿಕೆಯೊಳಗೆ ಟಾರ್ಚು ಹಿಡಿದು ಓದಿದರು, ಇನ್ನೊಂದನ್ನು ನಾವು ಭಾನುವಾರದ ತರಗತಿಯಲ್ಲಿ ಕೂರಿಸಿ, ಇದು ನಮ್ಮ ಸಂಸ್ಕೃತಿ ಎಂದು ಗಂಭೀರವಾಗಿ ಒಪ್ಪಿಸಿದೆವು. ಪಾಠದ ದನಿಯಲ್ಲಿ ಹೇಳಿದ್ದಕ್ಕೆ ಮಗು ಪರೀಕ್ಷೆಯ ಪ್ರಶ್ನೆ ಕೇಳುತ್ತದೆ. ಕಥೆಯ ದನಿಯಲ್ಲಿ ಹೇಳಿದ್ದರೆ, ಆಮೇಲೇನಾಯ್ತು ಎಂದು ಕೇಳುತ್ತಿತ್ತು.

ಪುಸ್ತಕದೊಳಗೆ ಬೆರಗಾಗುವವರು ಯಾರು?

ಆ ಜಗಳದ ನಂತರ ನಾವು ಒಂದು ಸಣ್ಣ ಪದ್ಧತಿ ಮಾಡಿಕೊಂಡಿದ್ದೇವೆ. ಇಂಥ ಪುಸ್ತಕ ಓದಿದಾಗ ಇದು ಸಾಧ್ಯವೇ ಎಂಬ ಪ್ರಶ್ನೆಯಿಂದ ಶುರು ಮಾಡುವುದಿಲ್ಲ. ಪುಸ್ತಕದೊಳಗೆ ಇದನ್ನು ಕಂಡು ಬೆರಗಾಗುವವರು ಯಾರು, ಆಗದವರು ಯಾರು ಎಂದು ಕೇಳುತ್ತೇವೆ. ಎಷ್ಟೋ ಗೊಂದಲ ಇದರಿಂದ ತಿಳಿಯಾಗುತ್ತದೆ.

ದೇವನೂರ ಮಹಾದೇವರ ‘ಕುಸುಮಬಾಲೆ’ (1984) ತೆಗೆದುಕೊಳ್ಳಿ. ಅಲ್ಲಿ ಇರುಳು ದೀಪ ಆರಿದ ಮೇಲೆ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡುತ್ತಾರೆ. ಅದರ ಬಗ್ಗೆ ಅಲ್ಲಿ ಯಾರಿಗೂ ಅಚ್ಚರಿಯಿಲ್ಲ. ಅಲ್ಲಿ ಬೆಚ್ಚಿಬೀಳಿಸುವುದು ಜಾತಿಯ ಹೆಸರಿನಲ್ಲಿ ಮನುಷ್ಯ ಮನುಷ್ಯನಿಗೆ ಮಾಡುವ ಕೆಲಸ. ಮಾರ್ಕೆಸ್‌ಗೆ 1982ರಲ್ಲಿ ನೊಬೆಲ್ ಬಂದ ಮೇಲೆ ನಾವು ಇಂಥದ್ದಕ್ಕೆಲ್ಲ ‘ಮ್ಯಾಜಿಕ್ ರಿಯಲಿಸಂ’ ಎಂಬ ಚೀಟಿ ಅಂಟಿಸಿ ನಿಶ್ಚಿಂತರಾಗುತ್ತೇವೆ. ಆದರೆ ದೀಪಗಳು ಮಾತಾಡುವುದು ನಮ್ಮ ಅಜ್ಜಿಕಥೆಯಲ್ಲೇ ಇದ್ದದ್ದು. ‘ನಾಗಮಂಡಲ’ದ ಮೊದಲಿಗೆ ಪಾಳು ಗುಡಿಗೆ ಬರುವ ದೀಪದ ಜ್ವಾಲೆಗಳೂ ಅದೇ ಬಳಗದವು.

ಇನ್ನು ತೇಜಸ್ವಿಯವರ ‘ಕರ್ವಾಲೊ’ (1980). ಅಲ್ಲಿರುವುದು ಪಶ್ಚಿಮ ಘಟ್ಟದಲ್ಲಿ ನಿಜವಾಗಿ ಇರುವ ಹಾರುವ ಓತಿ, ಮಾಟವಿಲ್ಲ, ಮಂತ್ರವಿಲ್ಲ. ಆದರೆ ಅದನ್ನು ಕಾಣಲು ವಿಜ್ಞಾನಿ, ರೈತ, ಮಂದಣ್ಣ, ಕಿವಿ ಎಂಬ ನಾಯಿ ಎಲ್ಲರೂ ಕಾಡಿಗೆ ನುಗ್ಗುತ್ತಾರೆ. ಕೊನೆಗೆ ಅದು ಕೈಗೆ ಸಿಕ್ಕದೆ ಕಣಿವೆಯ ಕಡೆಗೆ ತೇಲಿಹೋದಾಗ ಎಲ್ಲರೂ ಬೆರಗಿನಲ್ಲಿ ನಿಂತಿರುತ್ತಾರೆ. ಆ ಪುಟ ಓದುವಾಗ ಡಾಕ್ಟರ ದನಿ ಕಟ್ಟಿತು. ಅಸಾಧ್ಯವಾದದ್ದು ಅಲ್ಲೇನೂ ನಡೆದಿರಲಿಲ್ಲ. ಹಾಗಾದರೆ ಬೆರಗು ಎಂಬುದು ಅಸಾಧ್ಯದ ಸ್ವತ್ತಲ್ಲ!

ಇದೇ ಪ್ರಶ್ನೆ ಹಿಡಿದು ‘ನಾಗಮಂಡಲ’ಕ್ಕೆ ಮರಳಿದೆವು. ಅಲ್ಲಿ ದಿಕ್ಕೆಟ್ಟು ನಿಲ್ಲುವವನು ಅಪ್ಪಣ್ಣ. ತಾನು ಹೆಂಡತಿಯನ್ನು ಮುಟ್ಟಿಲ್ಲವೆಂದು ಅವನೊಬ್ಬನಿಗೆ ಗೊತ್ತು. ಆದರೂ ಊರೆಲ್ಲ ಅವಳನ್ನು ಪತಿವ್ರತೆ ಎನ್ನುತ್ತಿದೆ. ಸತ್ಯ ತನ್ನ ಕಡೆ ಇದ್ದೂ ಅವನು ಸೋತವನು, ಏಕೆಂದರೆ ಅವಳನ್ನು ಕೂಡಿಹಾಕಿ ಬೀಗ ಜಡಿದವನೂ ಅವನೇ. “ನನ್ನ ಸ್ಥಿತಿಯೂ ಇದೇ ತಾನೆ” ಎಂದು ಡಾಕ್ಟರು ನಕ್ಕರು. ನಾವೂ ನಕ್ಕೆವು. ಉಡುಪಿಯ ಸದಸ್ಯೆ ಮಾತ್ರ ಇಂದಿಗೂ ಪೂರ್ತಿ ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಕಡೆಯಲ್ಲಿ ನಾಗ ಕೊಡೆ ಹಿಡಿಯುವ ಜಾಗದಲ್ಲಿ ತಾವೂ ಕೈಮುಗಿದೆವು ಎಂದು ಹೇಳಿದರು.

ಮತ್ತೆ ಆ ಹುಡುಗನ ಪ್ರಶ್ನೆ: ಅವಳಿಗೆ ಗೊತ್ತಾಗಲಿಲ್ವಾ? ಅದೇ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆಯಾಗಿತ್ತು. ರಾಣಿಗೆ ಸುಳಿವು ಸಿಗುತ್ತಲೇ ಇರುತ್ತದೆ. ರಾತ್ರಿಯ ಗಂಡನ ಮೈ ತಣ್ಣಗಿದೆ. ಒಮ್ಮೆ ಕನ್ನಡಿಯಲ್ಲಿ ಅವಳು ಹಾವನ್ನೇ ಕಂಡು ಚೀರುತ್ತಾಳೆ. ಆದರೂ ಕೇಳುವುದಿಲ್ಲ, ಕೇಳಿದರೆ ರಾತ್ರಿ ಮುಗಿದುಹೋಗುತ್ತದೆ. ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ನಡುವೆ ಅವಳು ಬದುಕುತ್ತಾಳೆ. ಕಥೆ ಕೇಳುವವರೂ ಅಲ್ಲೇ ಅಲ್ಲವೆ ಕೂತಿರುವುದು? ಅವನಿಗೆ ಇದನ್ನು ಹೇಳಿದಾಗ ಅವನಿಗೆ ಹದಿನೈದು ತುಂಬಿತ್ತು. ಭುಜ ಹಾರಿಸಿ, “ನಾನು ಆವತ್ತೇ ಕೇಳಿದ್ದೆನಲ್ಲ” ಎಂದ.

ಕೊನೆಯದೊಂದು ಬಾಕಿ

ಆ ದೀಪಗಳ ಅಜ್ಜಿಕಥೆ ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿತ್ತು. ಯಾರಿಗೂ ಹೇಳದೆ ತನ್ನಲ್ಲೇ ಇಟ್ಟುಕೊಂಡಳು. ಒಳಗೆ ಉಸಿರುಕಟ್ಟಿದ ಅವು ಅವಳು ನಿದ್ದೆಹೋದಾಗ ಬಾಯಿಂದ ಹೊರಬಂದು, ಒಂದು ಬಾಗಿಲ ಬಳಿ ಜೋಡಿನ ರೂಪದಲ್ಲಿ, ಇನ್ನೊಂದು ಗೂಟಕ್ಕೆ ಅಂಗಿಯ ರೂಪದಲ್ಲಿ ಕೂತವು. ಗಂಡ ಬಂದು, ಇವು ಯಾವ ಗಂಡಸಿನವು ಎಂದು ಜಗಳ ತೆಗೆದು ಹನುಮಂತನ ಗುಡಿಗೆ ಮಲಗಲು ಹೋದ. ಅಲ್ಲಿ ಊರಿನ ದೀಪಗಳೆಲ್ಲ ಸೇರಿ ಮಾತಾಡುವುದು ಕಿವಿಗೆ ಬಿದ್ದು ಅವನಿಗೆ ನಿಜ ತಿಳಿಯಿತು. ಮನೆಗೆ ಓಡಿಬಂದು ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡ��ೂ ಮರೆತುಹೋಗಿದ್ದವು.

ನಮ್ಮ ಸೋಫಾದ ಮೂಲೆಯ ಅಮ್ಮ ಆರು ತಿಂಗಳು ಮುಗಿಸಿ ಊರಿಗೆ ಹೋದರು. ಕೊನೆಗೆ ‘ಹಿಂಗಾಗಲ್ಲ’ ಎಂದರೆ ಹೇಗಾಗುತ್ತದೆ ಎಂದು ಕೇಳಬೇಕೆಂಬುದು ನಮಗೆ ಹೊಳೆದದ್ದು ಒಂದು ವರ್ಷ ಕಳೆದ ಮೇಲೆ. ಮಗ ಫೋನ್ ಮಾಡಿ ಕೇಳಿದರು. ಅಮ್ಮನಿಗೆ ಈಚೆಗೆ ಮರೆವು ಹೆಚ್ಚು. “ಅದ್ಯಾವ ಕತೆನಪ್ಪ? ನಮ್ಮಜ್ಜಿ ಬಾಳ ಹೇಳೋಳು...” ಎಂದರಂತೆ.

ಇಲ್ಲಿ ಜೋಡು ಬಾಗಿಲಲ್ಲಿ ಕೂತಿಲ್ಲ, ಅಂಗಿ ಗೂಟದಲ್ಲಿ ನೇತಾಡುತ್ತಿಲ್ಲ. ಮೂಢನಂಬಿಕೆಯೋ ರೂಪಕವೋ ಎಂದು ನಾವು ತೀರ್ಮಾನಿಸುತ್ತ ಕೂತ ಸಂಜೆ, ಆ ಕಥೆಯ ಇನ್ನೊಂದು ಕೊನೆ ಅದೇ ಕೋಣೆಯಲ್ಲಿತ್ತು. ನಾವು ಕೇಳಲಿಲ್ಲ. ಅಷ್ಟೇ ನಡೆದದ್ದು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ತಿಂಗಳ ಓದು ‘ಕುಸುಮಬಾಲೆ’. ನಂಜನಗೂಡು ಸೀಮೆಯ ಆ ನುಡಿ ಮೊದಲಿಗೆ ತೊಡಕೆನಿಸಬಹುದು, ಗಟ್ಟಿಯಾಗಿ ಓದಿಕೊಳ್ಳಿ, ತಾನಾಗಿ ಬಿಡಿಸಿಕೊಳ್ಳುತ್ತದೆ. ಬರುವಾಗ ಅಭಿಪ್ರಾಯವಿಲ್ಲದಿದ್ದರೂ ಪರವಾಗಿಲ್ಲ, ನಿಮ್ಮ ಮನೆಯ ಒಂದು ಕಥೆ ತನ್ನಿ. ಈ ವಾರ ಊರಿಗೆ ಫೋನ್ ಮಾಡಿದಾಗ ಮಳೆ ಬಂತಾ, ಬಿಪಿ ಎಷ್ಟಿದೆ ಎಂದು ಕೇಳಿದ ಮೇಲೆ, ಅಮ್ಮನನ್ನೋ ಅಜ್ಜಿಯನ್ನೋ ಅತ್ತೆಯನ್ನೋ ಒಂದು ಕತೆ ಹೇಳಿ ಎನ್ನಿ. ಅದರಲ್ಲಿ ಹಾವು ಮನುಷ್ಯನಾದರೆ ಆಗಲಿ ಬಿಡಿ. ಆಮೇಲೇನಾಯ್ತು ಎಂದಷ್ಟೇ ಕೇಳಿ, ಬರೆದು ನಮಗೆ ಕಳಿಸಿ.